ರಕ್ತ ಹೇಳಿದ ಮೇಲಷ್ಟೇ ನಂಬುವೆವೇ?

ನಮಗೆ ಹತ್ತಿರದ ಒಂದು ಮನೆಯ ಮಾತಿದು. ಆ ಮನೆಯ ಸೊಸೆ ಎರಡು ವರ್ಷಗಳಿಂದ ಒಂದೇ ಮಾತನ್ನು ಹೇಳುತ್ತಿದ್ದಳು: "ಸುಸ್ತಾಗುತ್ತದೆ." ವಯಸ್ಸು ಮೂವತ್ತೆರಡು. ಇಬ್ಬರು ಮಕ್ಕಳು. ಗಂಡ ಗಲ್ಫ್‌ನಲ್ಲಿ. ಬೆಳಗ್ಗೆ ಏಳುವಾಗಲೇ ಅವಳ ಕೈಕಾಲು ಭಾರ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮನೆಯವರೆಲ್ಲ ಫ್ಯಾನಿನ ಕೆಳಗೆ ಮಲಗುವ ಮಾರ್ಚ್ ತಿಂಗಳಲ್ಲಿ ಅವಳಿಗೆ ಮಾತ್ರ ಹೊದಿಕೆ ಬೇಕು. ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿರಲಿಲ್ಲ. ಊಟ ಕಡಿಮೆ ಮಾಡಿದರೂ ತೂಕ ಏರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ದಿನದ ಕತೆಯಾಗಿತ್ತು.

ಇವೆಲ್ಲಕ್ಕೂ ಮನೆಯಲ್ಲಿ ಒಂದೊಂದು ಕಾರಣ ಸಿದ್ಧವಿತ್ತು. ಸುಸ್ತಾದರೆ ಸೋಮಾರಿತನ. ಕೂದಲು ಉದುರಿದರೆ ಬೋರ್‌ವೆಲ್ ನೀರು. ತೂಕ ಏರಿದರೆ ಕುಳಿತು ಟಿವಿ ನೋಡಿದ್ದರ ಫಲ. ಮರೆವಿಗೆ ಮೊಬೈಲ್. ಕಣ್ಣೀರು ಬಂದರೆ ಗಂಡ ದೂರವಿರುವುದು. ಕೊನೆಗೊಂದು ದಿನ ತವರಿಗೆ ಹೋದಾಗ ಉಮ್ಮ ಮಗಳ ಊದಿದ ಮುಖ ನೋಡಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಾಯಿತು. ಟಿಎಸ್‌ಎಚ್ ಎಂಬ ಅಂಶ ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು ನಲವತ್ತು ದಾಟಿತ್ತು.

ಅಂದಿನಿಂದ ಮನೆಯವರ ಮಾತಿನ ಧಾಟಿಯೇ ಬದಲಾಯಿತು. ಅತ್ತೆ ಅವಳ ಕೈಯಿಂದ ಬಟ್ಟೆಯ ಬಕೆಟ್ ತೆಗೆದುಕೊಂಡರು. ನಾದಿನಿ ಪಾತ್ರೆ ತೊಳೆದಳು. ರಾತ್ರಿ ಫೋನ್ ಮಾಡಿದ ಗಂಡ ನೊಂದು ಕೇಳಿದ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅವಳು, "ಹೇಳಿದ್ದೆನಲ್ಲಾ" ಎಂದಳು. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲವಂತೆ.

ಈ ಮನೆಯವರು ಕೆಟ್ಟವರಲ್ಲ. ನಮ್ಮ ನಿಮ್ಮಂಥವರೇ. ನಮ್ಮನ್ನು ಕಾಡುವ ಪ್ರಶ್ನೆಯೂ ಅದೇ ಕಾರಣಕ್ಕೆ ಹುಟ್ಟುತ್ತದೆ. ಎರಡು ವರ್ಷ ಒಬ್ಬ ಹೆಣ್ಣುಮಗಳು ತನ್ನ ಬಾಯಿಂದ ಹೇಳಿದ್ದನ್ನು ನಾವು ನಂಬಲಿಲ್ಲ. ಅವಳ ತೋಳಿನಿಂದ ತೆಗೆದ ಒಂದಿಷ್ಟು ರಕ್ತ ಅದನ್ನೇ ಹೇಳಿದಾಗ ತಕ್ಷಣ ನಂಬಿದೆವು. ಹಾಗಾದರೆ ನಮ್ಮ ದೃಷ್ಟಿಯಲ್ಲಿ ಅವಳ ಮಾತಿಗೆ ಇರುವ ಬೆಲೆಯೆಷ್ಟು?

ಮೊದಲು ಈ ಪರೀಕ್ಷೆ ಏನನ್ನು ತಿಳಿಸುತ್ತದೆ ಎಂಬುದನ್ನು ನೋಡೋಣ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದ ಒಂದು ಸಣ್ಣ ಗ್ರಂಥಿಯಿದೆ. ಅದೇ ಥೈರಾಯ್ಡ್. ಅದು ಸ್ರವಿಸುವ ಹಾರ್ಮೋನು ದೇಹದ ಬಹುತೇಕ ಎಲ್ಲ ಜೀವಕೋಶಗಳ ಕೆಲಸದ ವೇಗವನ್ನು ನಿಯಂತ್ರಿಸುತ್ತದೆ. ಹೃದಯದ ಬಡಿತ, ಮೈಯ ಶಾಖ, ಕರುಳಿನ ಚಲನೆ, ಮುಟ್ಟಿನ ಕ್ರಮ, ಮನಸ್ಸಿನ ಚುರುಕು ಎಲ್ಲದರಲ್ಲೂ ಅದರ ಪಾಲಿದೆ. ಈ ಗ್ರಂಥಿಗೆ ಆಜ್ಞೆ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಆ ಆಜ್ಞೆಯ ಹೆಸರೇ ಟಿಎಸ್‌ಎಚ್. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಸಣ್ಣ ದನಿಯಲ್ಲಿ ಹೇಳಿದರೆ ಸಾಕು. ಅದು ಸೋತಿದ್ದರೆ ಪಿಟ್ಯುಟರಿ ದನಿ ಎತ್ತರಿಸುತ್ತದೆ, ಮಗ ಓಗೊಡದಿದ್ದಾಗ ತಾಯಿ ಗಟ್ಟಿಯಾಗಿ ಕೂಗುವ ಹಾಗೆ. ಆದ್ದರಿಂದಲೇ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ದುರ್ಬಲವಾಗಿದೆ ಎಂದೂ, ತೀರಾ ಕಡಿಮೆಯಿದ್ದರೆ ಅದು ಅತಿಯಾಗಿ ಕೆಲಸ ಮಾಡುತ್ತಿದೆ ಎಂದೂ ಸಾಮಾನ್ಯವಾಗಿ ಅರ್ಥ. ಇದರ ಜೊತೆಗೆ ಟಿ-4 ಹಾರ್ಮೋನನ್ನೂ ಅಗತ್ಯವಿದ್ದರೆ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನೂ ಅಳೆಯುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಈ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆಯೇ ಎಂಬುದು ಅದರಿಂದ ತಿಳಿಯುತ್ತದೆ.

ಈ ದಾಳಿಗೆ ಹೆಚ್ಚಾಗಿ ತುತ್ತಾಗುವವರು ಹೆಂಗಸರೇ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರು ಜನರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ದೌರ್ಬಲ್ಯವಿತ್ತು. ಗಂಡಸರಲ್ಲಿ ಇದು ನೂರಕ್ಕೆ 5ರಷ್ಟಾದರೆ ಹೆಂಗಸರಲ್ಲಿ ಸುಮಾರು 16. ಹೆರಿಗೆಯ ನಂತರದ ಒಂದು ವರ್ಷದಲ್ಲಿ ಕೆಲವು ತಾಯಂದಿರಲ್ಲಿ ಈ ಗ್ರಂಥಿ ಊದಿಕೊಂಡು ಮೊದಲು ಅತಿಯಾಗಿ, ಬಳಿಕ ಅತಿ ಕಡಿಮೆಯಾಗಿ ಕೆಲಸ ಮಾಡುವುದುಂಟು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬಾರದು, ಕಾರಣವಿಲ್ಲದೆ ಅಳು ಬರುತ್ತದೆ. ಮನೆಯವರು ಅದನ್ನು ಬಾಣಂತಿಯ ಹಟವೆನ್ನುತ್ತಾರೆ. ಇನ್ನು ಕೆಲವರು ಗಾಳಿ ಸೋಕಿದೆಯೆಂದು ನೂಲು ಕಟ್ಟಿಸುತ್ತಾರೆ. ಗರ್ಭ ನಿಲ್ಲದಿರುವುದಕ್ಕೂ ಗರ್ಭಪಾತಕ್ಕೂ ಈ ಕೊರತೆ ಒಂದು ಕಾರಣವಾಗಬಹುದು. ಬಂಜೆ ಎಂಬ ಚುಚ್ಚುಮಾತು ಕೇಳುತ್ತಾ ವರ್ಷಗಳನ್ನು ಕಳೆದವರಲ್ಲಿ, ಬೆಳಗಿನ ಒಂದು ಸಣ್ಣ ಮಾತ್ರೆಯಿಂದ ಪರಿಹಾರ ಕಾಣಬಹುದಾಗಿದ್ದವರು ಎಷ್ಟು ಮಂದಿಯೋ! ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಸ್ವಂತ ಹಾರ್ಮೋನು ಇರುವುದಿಲ್ಲ. ತಾಯಿಯದ್ದನ್ನೇ ಅದು ಅವಲಂಬಿಸುತ್ತದೆ. ಆಗ ತಾಯಿಯಲ್ಲಿ ತೀವ್ರ ಕೊರತೆಯಿದ್ದರೆ ಮಗುವಿನ ಮೆದುಳಿನ ಬೆಳವಣಿಗೆಗೂ ಪೆಟ್ಟು ಬೀಳಬಹುದು.

ಇಷ್ಟನ್ನು ತಿಳಿಸುವ ಪರೀಕ್ಷೆಗೆ ತಗಲುವುದು ಕೆಲವು ನೂರು ರೂಪಾಯಿ. ಹಾಗಾದರೆ ಪರೀಕ್ಷೆ ತಡವಾಗುವುದೇಕೆ? ಹಣದ ಕೊರತೆ ಕೆಲವು ಮನೆಗಳಲ್ಲಿ ನಿಜ. ಆದರೆ ಮದುವೆಗೆ, ಮನೆಯ ಟೈಲ್ಸ್‌ಗೆ ಲಕ್ಷಗಟ್ಟಲೆ ಸುರಿಯುವ ಮನೆಗಳಲ್ಲೂ ಅದು ತಡವಾಗುತ್ತದೆ. ಯಾಕೆಂದರೆ ಪರೀಕ್ಷೆ ಶುರುವಾಗುವುದು ಲ್ಯಾಬಿನಲ್ಲಲ್ಲ. "ನನಗೆ ಆಗುತ್ತಿಲ್ಲ" ಎಂಬ ಮಾತನ್ನು ಮನೆಯಲ್ಲಿ ಒಬ್ಬರಾದರೂ ನಂಬಿದಾಗ ಅದು ಶುರುವಾಗುತ್ತದೆ.

ವೈದ್ಯಶಾಸ್ತ್ರದ ಚರಿತ್ರೆಯಲ್ಲೂ ಇದೇ ಪಾಠವಿದೆ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್, ಪ್ರಾಯಕ್ಕೆ ಬಂದ ಹೆಂಗಸರಲ್ಲಿ ಕ್ರಮೇಣ ಮುಖ ಊದಿ, ಮಾತು ನಿಧಾನವಾಗಿ, ಮೈಮನಸ್ಸು ಜಡವಾಗುವ ಒಂದು ಸ್ಥಿತಿಯನ್ನು ವಿವರಿಸಿದರು. ಅವರು ಹೇಳಿದ ರೋಗಿಗಳೆಲ್ಲ ಹೆಂಗಸರು. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಇಂಥದ್ದೇ ಕಾಯಿಲೆಯ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡ್‌ನಿಂದ ತೆಗೆದ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಅವರು ಇಂದು ತಮ್ಮ ಹೆಸರಿನಿಂದಲೇ ಕರೆಯಲಾಗುವ ಥೈರಾಯ್ಡ್ ರೋಗವನ್ನು ಗುರುತಿಸಿದ್ದು ನಾಲ್ವರು ಮಹಿಳೆಯರಲ್ಲಿ. ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನವನ್ನು 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದವರು ರೋಸಲಿನ್ ಯಾಲೊ ಎಂಬ ಮಹಿಳೆ ಮತ್ತು ಅವರ ಸಹೋದ್ಯೋಗಿ ಸಾಲೊಮನ್ ಬರ್ಸನ್. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಬರ್ಸನ್ ತೀರಿಹೋದ ಬಳಿಕ 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿನ ಟಿಎಸ್‌ಎಚ್ ಪರೀಕ್ಷೆಯ ಬೇರು ಅಲ್ಲಿದೆ. ಈ ಎಲ್ಲ ಸಾಧನೆಯ ಹಿಂದೆ, ತನ್ನ ಮೈಯಲ್ಲಿ ಏನೋ ಸರಿಯಿಲ್ಲವೆಂದು ಹೇಳಿದ ಹೆಂಗಸರೂ ಅದನ್ನು ಕುಳಿತು ಕೇಳಿ ಬರೆದಿಟ್ಟ ವೈದ್ಯರೂ ಇದ್ದಾರೆ. ಕೇಳದೇ ಹೋಗಿದ್ದರೆ ಅಳೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ನಂಬಿಕೆಯ ಈ ಪ್ರಶ್ನೆಯನ್ನು ನಾವು, ಮುಸ್ಲಿಮರು, ವಿಶೇಷವಾಗಿ ಯೋಚಿಸಬೇಕಾಗಿದೆ. ನಮ್ಮ ಧರ್ಮದ ತಿಳುವಳಿಕೆಯ ಬಹುದೊಡ್ಡ ಭಾಗ ನಮ್ಮ ತನಕ ತಲುಪಿದ್ದು ಸಾಕ್ಷ್ಯದ ಮೂಲಕ. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರು ಸತ್ಯವಂತರೇ ಎಂದು ಒಂದೊಂದು ಮಾತನ್ನೂ ತೂಗಿ ನೋಡಿದ ಪರಂಪರೆ ಹದೀಸ್ ವಿದ್ವಾಂಸರದ್ದು. ಆ ಪರಂಪರೆ ಹಝ್ರತ್ ಆಯಿಶಾ(ರ) ಒಬ್ಬರಿಂದಲೇ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳನ್ನು ಸ್ವೀಕರಿಸಿದೆ. ಪ್ರವಾದಿವರ್ಯರ(ಸ) ಮನೆಯೊಳಗಿನ ಬದುಕು, ಶುದ್ಧಿ, ಆರಾಧನೆಯ ಎಷ್ಟೋ ವಿವರಗಳು ಅವರ ಮಾತಿನ ಆಧಾರದಿಂದಲೇ ನಮಗೆ ದೊರೆತಿವೆ. ಹದಿನಾಲ್ಕನೇ ಶತಮಾನದ ದಮಾಸ್ಕಸ್‌ನ ಮಹಾ ವಿದ್ವಾಂಸ ಇಮಾಮ್ ಝಹಬಿಯವರು ವರದಿಗಾರರ ಗುಣದೋಷಗಳನ್ನು ಸೋಸಿದವರು. ಮಹಿಳಾ ವರದಿಗಾರರ ಪೈಕಿ ಸುಳ್ಳಿನ ಆರೋಪ ಹೊತ್ತವರು ಯಾರೂ ತಮಗೆ ತಿಳಿದಿಲ್ಲ ಎಂದು ಅವರು ದಾಖಲಿಸಿದ್ದಾರೆ.

ಹೆಣ್ಣಿನ ಮಾತನ್ನು ನಂಬಿ ನಮಾಝ್ ಮಾಡುವ ಸಮುದಾಯ ನಾವು. ಅದೇ ನಾವು ನಮ್ಮ ಸೊಸೆ "ಕಾಲು ಸೆಳೆಯುತ್ತಿದೆ" ಎಂದರೆ ನಂಬುವುದಿಲ್ಲ. ಇದಕ್ಕಿಂತ ದೊಡ್ಡ ವೈರುಧ್ಯ ಇನ್ನೇನಿದೆ? ಗುಮಾನಿಯಿಂದ ದೂರವಿರಬೇಕೆಂಬುದು ನಮಗೆ ಕುರ್‌ಆನ್ ಕಲಿಸಿದ ಪಾಠ. ಆ ಪಾಠವನ್ನು ನಾವು ಹೆಚ್ಚಾಗಿ ಪರಿಚಯಸ್ಥರ ಚಾರಿತ್ರ್ಯದ ವಿಷಯದಲ್ಲಿ ನೆನೆಯುತ್ತೇವೆ. ಕಾಯಿಲೆಯವಳನ್ನು ನಟಿಸುವವಳೆಂದು ಭಾವಿಸುವುದೂ ಒಂದು ಕೆಟ್ಟ ಗುಮಾನಿಯೇ ಅಲ್ಲವೇ?

ಇಲ್ಲಿ ಯಾರಾದರೂ ಕೇಳಬಹುದು: "ಎಲ್ಲರ ಎಲ್ಲ ಮಾತನ್ನೂ ನಂಬಲಾದೀತೇ? ಪುರಾವೆ ಬೇಡವೇ?" ನ್ಯಾಯವಾದ ಪ್ರಶ್ನೆ. ಪುರಾವೆ ಬೇಕು. ಮದ್ದು ಕೊಡಬೇಕಾದರೆ ಪರೀಕ್ಷೆ ಬೇಕೇ ಬೇಕು. ಅಂದಾಜಿನಲ್ಲಿ ಹಾರ್ಮೋನ್ ಮಾತ್ರೆ ನುಂಗುವುದು ಹೃದಯಕ್ಕೂ ಮೂಳೆಗೂ ಹಾನಿ. ಆದರೆ ಕಾಯಿಲೆಯ ಹೆಸರು ತಿಳಿಯಲು ಬೇಕಾದ ಪುರಾವೆ ಬೇರೆ, ನೋವಿದೆ ಎಂದು ಒಪ್ಪಿಕೊಳ್ಳಲು ಬೇಕಾದ ಪುರಾವೆ ಬೇರೆ. ಮೊದಲನೆಯದನ್ನು ಲ್ಯಾಬ್ ಕೊಡುತ್ತದೆ. ಎರಡನೆಯದನ್ನು ನೋವುಂಡವರಲ್ಲದೆ ಬೇರೆ ಯಾರು ಕೊಡಬಲ್ಲರು? ನೋವನ್ನು ಹೊರಗಿನಿಂದ ಕಾಣುವ ಕಿಟಕಿ ಇಲ್ಲ. ಅಲ್ಲಿ ನಮಗಿರುವ ಏಕೈಕ ಸಾಕ್ಷಿ ಆ ವ್ಯಕ್ತಿಯೇ.

ಈ ವ್ಯತ್ಯಾಸವನ್ನು ಮರೆತರೆ ಪರೀಕ್ಷೆಯೇ ಅನ್ಯಾಯದ ಸಾಧನವಾಗುತ್ತದೆ. ವರದಿ ಸರಿಯಾಗಿದೆ ಎಂದು ಬಂತೆನ್ನಿ. "ನೋಡಿದೆಯಾ, ನಿನಗೆ ಏನೂ ಇಲ್ಲ" ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ವಾಸ್ತವದಲ್ಲಿ ವರದಿ ಹೇಳಿದ್ದು ಇಷ್ಟೇ: ಅಂದು ತೆಗೆದ ರಕ್ತದಲ್ಲಿ ಥೈರಾಯ್ಡ್‌ನ ದೋಷ ಕಾಣಲಿಲ್ಲ. ಅವಳ ಸುಸ್ತಿಗೆ ರಕ್ತಹೀನತೆ ಕಾರಣವಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಸಕ್ಕರೆ ಕಾಯಿಲೆ, ವಿಟಮಿನ್ ಕೊರತೆ, ಖಿನ್ನತೆ ಇರಬಹುದು. ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಬಿಡುವಿಲ್ಲದ ದುಡಿಮೆಯೂ ಇರಬಹುದು. ಕೊನೆಯದನ್ನು ಯಾವ ಲ್ಯಾಬೂ ಅಳೆಯುವುದಿಲ್ಲ. ಅದನ್ನು ಮನೆಯವರೇ ಅಳೆಯಬೇಕು.

'ನಾರ್ಮಲ್' ಎಂಬ ಪದದ ಅರ್ಥವನ್ನೂ ತಿಳಿದಿರಬೇಕು. ಆರೋಗ್ಯವಂತರೆಂದು ಆರಿಸಿದ ಬಹಳ ಜನರ ರಕ್ತ ಪರೀಕ್ಷಿಸಿ, ನೂರಕ್ಕೆ ತೊಂಬತ್ತೈದು ಮಂದಿಯ ಅಂಕೆಗಳು ಎಲ್ಲಿಂದ ಎಲ್ಲಿಯ ತನಕ ಇವೆ ಎಂದು ಎಳೆದ ಗೆರೆ ಅದು. ಹಾಗೆಂದರೆ ಆರೋಗ್ಯವಂತರಲ್ಲೂ ಕೆಲವರು ಗೆರೆಯಾಚೆ ಇರುತ್ತಾರೆ. ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ. ಸ್ವಲ್ಪ ಮಾತ್ರ ಹೆಚ್ಚಿದ್ದು ಟಿ-4 ಸರಿಯಿದ್ದರೆ ವೈದ್ಯರು ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸುತ್ತಾರೆ. ಹಲವರಲ್ಲಿ ಅದು ತಾನಾಗಿಯೇ ಸರಿಹೋಗಿರುತ್ತದೆ. ಗರ್ಭಿಣಿಯರಲ್ಲಿ ಈ ಗೆರೆಯೇ ಬೇರೆ. ಇನ್ನೊಂದು ಸಂಗತಿ: ಕೂದಲು ಉದುರುತ್ತದೆಂದು ಅನೇಕ ಹೆಂಗಸರು ಬಯೋಟಿನ್ ಮಾತ್ರೆ ತಿನ್ನುತ್ತಾರೆ. ಅದರ ಪ್ರಮಾಣ ಹೆಚ್ಚಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆ ತಪ್ಪು ಅಂಕೆ ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು, ವೈದ್ಯರಿಗೂ ತಿಳಿಸಬೇಕು. ಯಂತ್ರಕ್ಕೂ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಯಂತ್ರದ ಮಾತನ್ನು ಪರಿಶೀಲಿಸಿ ನಂಬುವ ನಾವು, ಮನುಷ್ಯಳ ಮಾತನ್ನು ಪರಿಶೀಲಿಸುವ ಮೊದಲೇ ತಳ್ಳಿಹಾಕುತ್ತೇವೆ.

ಮೂರನೆಯ ಅನ್ಯಾಯವೊಂದಿದೆ. ಅದು ಕಾಯಿಲೆ ಖಚಿತವಾದ ಮೇಲೆ ಶುರುವಾಗುತ್ತದೆ. ಅವಳು ಸಿಟ್ಟಾದರೆ "ಥೈರಾಯ್ಡ್ ಅಲ್ಲವೇ, ಹಾಗೆಯೇ" ಎನ್ನುತ್ತಾರೆ. ಅತ್ತರೂ ಥೈರಾಯ್ಡ್. ಮಗನ ಶಾಲೆಯ ವಿಷಯದಲ್ಲಿ ಅವಳೊಂದು ಅಭಿಪ್ರಾಯ ಹೇಳಿ ಪಟ್ಟುಹಿಡಿದರೂ ಥೈರಾಯ್ಡ್. ಹಿಂದೆ ಅವಳ ಕಾಯಿಲೆಯನ್ನು ಅವಳ ಸ್ವಭಾವವೆಂದೆವು. ಈಗ ಅವಳ ಸ್ವಭಾವವನ್ನೂ ವಿಚಾರವನ್ನೂ ಕಾಯಿಲೆಯೆನ್ನುತ್ತೇವೆ. ಎರಡರಲ್ಲೂ ಆಗುವುದು ಒಂದೇ: ಅವಳು ಏನು ಹೇಳುತ್ತಿದ್ದಾಳೆಂದು ಕೇಳುವ ತೊಂದರೆ ನಮಗೆ ತಪ್ಪುತ್ತದೆ.

ಮದುವೆಯ ಮಾತುಕತೆಗಳಲ್ಲಿ ಇದು ಇನ್ನಷ್ಟು ಕ್ರೂರವಾಗುತ್ತದೆ. ಹುಡುಗಿಗೆ ಥೈರಾಯ್ಡ್ ಎಂದು ಗೊತ್ತಾದರೆ ಸಂಬಂಧ ಮುರಿಯುತ್ತದೆಂದು ಹೆದರಿ ತಾಯಂದಿರು ಪರೀಕ್ಷೆಯನ್ನೇ ಮುಂದೂಡುತ್ತಾರೆ. ಮದುವೆಯಾಗಿ ಹೋದವಳು ಮಾತ್ರೆಯ ಡಬ್ಬಿಯನ್ನು ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಅಡಗಿಸಿ, ಯಾರೂ ಇಲ್ಲದ ಹೊತ್ತು ನೋಡಿ ನುಂಗುತ್ತಾಳೆ. ಒಂದು ದಿನ ನುಂಗಿದರೆ ನಾಲ್ಕು ದಿನ ತಪ್ಪುತ್ತದೆ. ಸರಿಯಾಗಿ ಮದ್ದು ತೆಗೆದುಕೊಂಡರೆ ಎಲ್ಲರಂತೆ ಬದುಕಿ, ಹೆತ್ತು, ದುಡಿಯಬಲ್ಲ ಹೆಣ್ಣುಮಗಳನ್ನು ನಾವು ಕಳ್ಳಿಯನ್ನಾಗಿ ಮಾಡಿದ್ದೇವೆ. ಇದೇ ಕಾಯಿಲೆ ವರನಿಗಿದ್ದರೆ ಯಾರೂ ಸಂಬಂಧ ಮುರಿಯುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೆಂಗಸರ ಮೌನಕ್ಕೆ ಹೆಂಗಸರೂ ಕಾರಣರು. ಸಹನೆಯ ಹೆಸರಿನಲ್ಲಿ ನೋವು ನುಂಗುವುದನ್ನು ನಮ್ಮ ತಾಯಂದಿರು ದೊಡ್ಡ ಗುಣವೆಂದು ಮಕ್ಕಳಿಗೆ ಕಲಿಸಿದ್ದಾರೆ. ಆದರೆ ಸಬ್ರ್ ಎಂದರೆ ಕಾಯಿಲೆಯನ್ನು ಮುಚ್ಚಿಡುವುದಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಮೈ ದಂಡಿಸುತ್ತಿದ್ದ ಸಂಗಾತಿಯೊಬ್ಬರಿಗೆ, ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಅವರು ನೆನಪಿಸಿದ್ದರು. ಶರೀರ ನಮ್ಮದಲ್ಲ, ಅದು ಅಲ್ಲಾಹನ ಅಮಾನತ್ತು. ಅಮಾನತ್ತಿನ ವಸ್ತು ಕೆಡುತ್ತಿದ್ದರೆ ಸುಮ್ಮನಿರುವುದು ಸಹನೆಯಾಗುವುದೇ?

ರಮಝಾನ್ ತಿಂಗಳಲ್ಲಿ ಈ ಮಾತು ಹೆಚ್ಚು ನೆನಪಾಗಬೇಕು. ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು, ಇಫ್ತಾರ್‌ನ ಬಳಿಕ ಎಲ್ಲರಿಗಿಂತ ಕೊನೆಗೆ ಮಲಗುವವಳು ಅವಳೇ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಆಹಾರಕ್ಕೂ ಚಹಾ ಕಾಫಿಗೂ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕಬ್ಬಿಣ ಮತ್ತು ಕ್ಯಾಲ್ಶಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಇಲ್ಲದಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಉಪವಾಸದ ದಿನಗಳಲ್ಲಿ ಸಹರಿಗೆ ಅರ್ಧ ಗಂಟೆ ಮೊದಲು ಅಥವಾ ರಾತ್ರಿ ಊಟವಾಗಿ ಮೂರು ಗಂಟೆಯ ಬಳಿಕ ಮಲಗುವಾಗ ತೆಗೆದುಕೊಳ್ಳಬಹುದು. ಯಾವುದು ಸೂಕ್ತವೆಂದು ವೈದ್ಯರನ್ನು ಕೇಳಬೇಕು. ಪರೀಕ್ಷೆಗಾಗಿ ಸ್ವಲ್ಪ ರಕ್ತ ಕೊಟ್ಟರೆ ಉಪವಾಸ ಮುರಿಯುವುದಿಲ್ಲ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಇಷ್ಟಕ್ಕೆಲ್ಲ ಬೇಕಾದದ್ದು ಅವಳಿಗಾಗಿ ಒಂದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಸಹರಿಯ ರೊಟ್ಟಿಯನ್ನು ಬೇರೆ ಯಾರಾದರೂ ಬಿಸಿ ಮಾಡಬಹುದು. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ನಮಗೆ ತಿಳಿಸಿದವರೂ ಆಯಿಶಾ(ರ) ಅವರೇ.

ನಾವು ಆರಂಭದಲ್ಲಿ ಹೇಳಿದ ಮನೆಗೆ ಮರಳೋಣ. ಕೆಲವು ತಿಂಗಳ ಮದ್ದಿನಿಂದ ಸೊಸೆ ಬಹಳ ಸುಧಾರಿಸಿದ್ದಾಳೆ. ಒಮ್ಮೆ ಅಲ್ಲಿ ಹೋಗಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ನನಗೂ ಹೀಗೆಯೇ ಆಗುತ್ತಿತ್ತು. ಈಗಲೂ ಆಗುತ್ತದೆ. ಎಲ್ಲ ಹೆಂಗಸರಿಗೂ ಹೀಗೆಯೇ ಎಂದುಕೊಂಡಿದ್ದೆ." ಆ ಮಾತು ಕೇಳಿ ನಮಗೆ ಅವರ ಹಳೆಯ ಕಟು ಮಾತುಗಳ ಬೇರು ಕಂಡಂತಾಯಿತು. ತನ್ನ ಸುಸ್ತನ್ನು ಯಾರೂ ನಂಬದಿದ್ದುದರಿಂದ ಅವರು ತಾವೂ ಅದನ್ನು ನಂಬುವುದನ್ನು ಬಿಟ್ಟಿದ್ದರು. ತನ್ನದನ್ನೇ ನಂಬದವರು ಸೊಸೆಯದನ್ನು ಹೇಗೆ ನಂಬಿಯಾರು? ಅಪನಂಬಿಕೆಯೂ ಚಿನ್ನದ ಬಳೆಯಂತೆ ಅತ್ತೆಯಿಂದ ಸೊಸೆಗೆ ದಾಟುತ್ತದೆ. ಮರುವಾರ ಅವರನ್ನೂ ಪರೀಕ್ಷೆಗೆ ಕರೆದುಕೊಂಡು ಹೋದವಳು ಆ ಸೊಸೆಯೇ. ವರದಿ ಏನು ಬಂತೆಂದು ನಾವು ಕೇಳಲಿಲ್ಲ. ಅವರ ಮಾತನ್ನು ಆ ಮನೆಯಲ್ಲಿ ಒಬ್ಬರು ನಂಬಿದ್ದರು ಎಂಬುದಷ್ಟೇ ನಮಗೆ ಮುಖ್ಯವಾಗಿ ಕಂಡಿತು.

ಒಳ್ಳೆಯ ವೈದ್ಯರು ರೋಗಿ ಬಂದೊಡನೆ ಕೇಳುವ ಮೊದಲ ಪ್ರಶ್ನೆ, "ಎಷ್ಟು ದಿನದಿಂದ?" ಆ ಪ್ರಶ್ನೆ ಕೇಳಲು ವೈದ್ಯಕೀಯ ಕಲಿಯಬೇಕಾಗಿಲ್ಲ. ಮನೆಯಲ್ಲಿ ಯಾರಾದರೂ "ನನಗೆ ಆಗುತ್ತಿಲ್ಲ" ಎಂದಾಗ, ಕಾರಣ ಹೇಳುವ ಮೊದಲು ನಾವೂ ಅದನ್ನೇ ಕೇಳೋಣ. ಉತ್ತರ ಮುಗಿಯುವ ತನಕ ಕಾಯೋಣ. ಬಳಿಕ ಲ್ಯಾಬಿಗೆ ಹೋಗೋಣ. ನಮ್ಮ ಮನೆಗಳ ಹೆಂಗಸರು ಮೊದಲು ತಮ್ಮ ಮಾತಿನಿಂದ, ಆಮೇಲೆ ತಮ್ಮ ರಕ್ತದಿಂದ ನಂಬಿಕೆಗೆ ಪಾತ್ರರಾಗಲಿ.